ತಾಲ್ಲೂಕು ಬಂತು, ಅಧಿಕಾರ ಬರಲಿಲ್ಲ

1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆ ಸೋತರು. ಗೆದ್ದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಮಾಜಿ ಮುಖ್ಯಮಂತ್ರಿಯೊಬ್ಬರಿಗೆ ಹೊಳೆಸಾಲಿನ ರೈತ ಮುಖಂಡ ಮಣ್ಣು ಮುಕ್ಕಿಸಿದ ಕಥೆಯನ್ನು ನಮ್ಮ ಭಾಗದಲ್ಲಿ ಇವತ್ತಿಗೂ ರುಚಿಯಾಗಿ ಹೇಳುತ್ತಾರೆ. ನನ್ನನ್ನು ಕಾಡುವುದು ಅದರ ಇನ್ನೊಂದು ಮಗ್ಗುಲು. ಸೋತವರು ಕರ್ನಾಟಕಕ್ಕೆ ಜಿಲ್ಲಾ ಪರಿಷತ್ತುಗಳನ್ನು ತಂದ ಸರ್ಕಾರವನ್ನು ನಡೆಸಿದವರು. ಆ ಪರಿಷತ್ತುಗಳನ್ನು ರೂಪಿಸಿದ ಅಬ್ದುಲ್ ನಜೀರ್ ಸಾಬ್ ಆ ಸರ್ಕಾರದಲ್ಲಿದ್ದ ಮಂತ್ರಿ. ಗೆದ್ದವರು ಸರ್ಕಾರದ ದಾರಿ ಕಾಯದೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರಿಂದಲೇ ಬ್ಯಾರೇಜು ಕಟ್ಟಿಸಿದವರು. ಊರಿನ ಬೇಕುಬೇಡಗಳನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಇಬ್ಬರ ಬಳಿಯೂ ಒಂದೊಂದು ಉತ್ತರವಿತ್ತು. ಮತದಾರ ಒಂದನ್ನು ಆರಿಸಿಕೊಂಡ, ಇನ್ನೊಂದನ್ನು ಮರೆತ. ಆ ಮರೆವಿನ ಬಡ್ಡಿಯನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಈಗಲೂ ಕಟ್ಟುತ್ತಿವೆ ಎಂಬುದು ನನ್ನ ವಾದ.

ಬ್ಯಾರೇಜಿನ ಸಾಧನೆ ಸಣ್ಣದಲ್ಲ. ಬೇಸಿಗೆ ಬಂತೆಂದರೆ ಹೊಳೆ ಬತ್ತುತ್ತಿತ್ತು, ಪಂಪ್‌ಸೆಟ್ಟುಗಳು ಮರಳಿನ ಮೇಲೆ ಕೂರುತ್ತಿದ್ದವು. ರೈತರು ಸಂಘ ಕಟ್ಟಿಕೊಂಡು, ತಾವೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ನೀರು ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು, ಮುಂದೆ ನಿಂತವರು ಬ್ಯಾರೇಜ್ ಸಿದ್ದು ಆದರು. ಕೇಂದ್ರದಲ್ಲಿ ಮಂತ್ರಿಯಾಗಿ, ಕೊನೆಗೆ ಜಮಖಂಡಿಯ ಶಾಸಕರಾಗಿದ್ದಾಗಲೇ 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜನ್ನು ಕಟ್ಟಿದ್ದು ಸಾವಿರಾರು ಜನರ ಒಪ್ಪಂದ. ಆದರೆ ನಮ್ಮ ರಾಜಕೀಯ ಅದರಿಂದ ಕಲಿತ ಪಾಠ, ಕೆಲಸ ಮಾಡಿಸಿಕೊಡುವ ಒಬ್ಬ ಗಟ್ಟಿ ಮನುಷ್ಯ ಸಿಕ್ಕರೆ ಸಾಕು ಎಂಬುದು. ಅಂದಿನಿಂದ ಗ್ರಾಮ ಪಂಚಾಯಿತಿಯ ವಾರ್ಡಿನಿಂದ ವಿಧಾನಸಭೆಯವರೆಗೆ ಎಲ್ಲ ಅಭ್ಯರ್ಥಿಗಳ ಬಾಯಲ್ಲೂ ಒಂದೇ ಮಾತು: "ನಾ ಮಾಡಿಸಿ ಕೊಡ್ತೀನ್ರಿ."

ನೀರು ಬೇಕು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಗಟ್ಟಿ ಮನುಷ್ಯನ ರಾಜಕೀಯ ಅಲ್ಲಿ ನಡೆಯುತ್ತದೆ. ನೀರು ಬಂದ ಮೇಲಿನ ಪ್ರಶ್ನೆಗಳ ಜಾತಿಯೇ ಬೇರೆ. ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಜೋಳದ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದವು, ಒಂದರ ಬೆನ್ನಿಗೆ ಒಂದು ಸಕ್ಕರೆ ಕಾರ್ಖಾನೆ ಬಂತು. ವರ್ಷಗಟ್ಟಲೆ ನೀರು ಹಾಯಿಸಿದ ಕಪ್ಪು ನೆಲ ಎಷ್ಟೋ ಕಡೆ ಸವಳು-ಜವಳಾಗಿ ಬಿತ್ತನೆಗೆ ಬಾರದಾಯಿತು. ಈ ನೆಲವನ್ನು ಬಸಿಗಾಲುವೆ ಇಲ್ಲದೆ ಉಳಿಸಲಾಗದು. ಬಸಿಗಾಲುವೆಯೋ ಒಬ್ಬನ ಹೊಲದಲ್ಲಿ ಹುಟ್ಟಿ, ಮೂರು ಊರಿನ ಸೀಮೆ ದಾಟಿ, ಹಳ್ಳ ಸೇರಬೇಕು. ನಡುವಿನ ಊರಿನವರು "ನಮ್ಮ ಹೊಲ ಯಾಕ ಕೆಡಿಸ್ತೀರಿ" ಎಂದರೆ ಅದನ್ನು ಬಗೆಹರಿಸುವ ಚಾವಡಿ ಯಾವುದು? ಹಂಗಾಮಿನಲ್ಲಿ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಳ್ಳಿರಸ್ತೆಗಳನ್ನು ಕಿತ್ತುಹಾಕುತ್ತವೆ. ಕಾರ್ಖಾನೆ ನಿಂತ ಊರಿನ ಪಂಚಾಯಿತಿಗೆ ಕಟ್ಟಡದ ತೆರಿಗೆ ಕೇಳುವ ಹಕ್ಕಾದರೂ ಇದೆ. ರಸ್ತೆ ಕಳೆದುಕೊಂಡ ಹತ್ತಾರು ಪಂಚಾಯಿತಿಗಳಿಗೆ ಧೂಳು ಮಾತ್ರ. ಪಟ್ಟಣದಂಚಿನ ಹೊಲಗಳು ಎನ್‌ಎ ಆಗಿ ಪ್ಲಾಟುಗಳಾಗುತ್ತವೆ. ಅಪ್ಪಣೆ ಮೇಲಿನ ಕಚೇರಿಗಳಿಂದ ಬರುತ್ತದೆ, ನಲ್ಲಿ ನೀರು, ಗಟಾರದ ಹೊಣೆ ಗ್ರಾಮ ಪಂಚಾಯಿತಿಯ ತಲೆಗೆ ಬೀಳುತ್ತದೆ. ಇವು ಊರಿಗಿಂತ ದೊಡ್ಡ, ಬೆಂಗಳೂರಿಗಿಂತ ಸಣ್ಣ ಪ್ರಶ್ನೆಗಳು. ಜಿಲ್ಲಾ ಪಂಚಾಯಿತಿ ಎಂಬ ಮಧ್ಯದ ಸರ್ಕಾರ ಇರಬೇಕಾದದ್ದು ಇಂಥವಕ್ಕೇ.

ಆದರೆ ಜಿಲ್ಲಾ ಪಂಚಾಯಿತಿಗೆ ನಿಲ್ಲುತ್ತೇನೆನ್ನುವ ನಮ್ಮ ಆಕಾಂಕ್ಷಿಗಳ ಮಾತು ಕೇಳಿ. ಕಬ್ಬಿಗೆ ದರ ಕೊಡಿಸುತ್ತೇನೆ, ಬಾಗಲಕೋಟೆ-ಕುಡಚಿ ರೈಲು ಓಡಿಸುತ್ತೇನೆ, ಜಮಖಂಡಿಯನ್ನು ಜಿಲ್ಲೆ ಮಾಡಿಸುತ್ತೇನೆ. ಯಾವುದೂ ಜಿಲ್ಲಾ ಪಂಚಾಯಿತಿಯ ಕೈಯಲ್ಲಿಲ್ಲ. ಕಬ್ಬಿನ ಎಫ್‌ಆರ್‌ಪಿ (ನ್ಯಾಯಯುತ ದರ) ನಿಗದಿ ಮಾಡುವುದು ಕೇಂದ್ರ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಮುಧೋಳ ಭಾಗದ ರೈತರು ಬೀದಿಗಿಳಿದರು. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಡಬ್ಬಿಗಳಿಗೆ ಬೆಂಕಿ ಬಿತ್ತು. ಎದುರು ನಿಂತದ್ದು ಅಧಿಕಾರಿಗಳು, ಪೊಲೀಸರು, ಮಂತ್ರಿಗಳು. ರೈತರಿಂದ ಗೆದ್ದುಬಂದು, ಕಾರ್ಖಾನೆಯವರನ್ನೂ ಅಧಿಕಾರಿಗಳನ್ನೂ ಒಂದೇ ಮೇಜಿಗೆ ಕರೆಯಬಲ್ಲ ಜಿಲ್ಲೆಯ ಚುನಾಯಿತ ಅಧ್ಯಕ್ಷನ ಕುರ್ಚಿಯಲ್ಲಿ ಆ ದಿನ ಯಾರೂ ಇರಲಿಲ್ಲ. ಇದ್ದಿದ್ದರೂ ದರ ಏರುತ್ತಿರಲಿಲ್ಲ, ಒಪ್ಪುತ್ತೇನೆ. ಬೆಂಕಿಗೆ ಮುಂಚೆ ಒಂದು ಮಾತಾದರೂ ನಡೆಯುತ್ತಿತ್ತೋ ಏನೋ.

ತಾಲ್ಲೂಕಿನ ಬೇಡಿಕೆಯ ಕಥೆಯೂ ಇಂಥದ್ದೇ. ಬಹುಕಾಲದ ಹೋರಾಟದ ನಂತರ 2018ರಲ್ಲಿ ರಬಕವಿ-ಬನಹಟ್ಟಿ ಜಮಖಂಡಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಮಹಾಲಿಂಗಪುರದವರು ತಮ್ಮೂರೂ ತಾಲ್ಲೂಕಾಗಬೇಕೆಂದು ಧರಣಿ ಕೂತರು. ಈ ಬೇಡಿಕೆಗಳನ್ನು ಹಗುರ ಮಾಡಲಾರೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅಲೆಯುವ ಮುದುಕಿಗೆ, ಉತಾರಕ್ಕಾಗಿ ಒಂದು ದಿನದ ಪಗಾರ ಬಿಡುವ ನೇಕಾರನಿಗೆ ಕಚೇರಿ ಹತ್ತಿರವಾಗುವುದೆಂದರೆ ರೊಕ್ಕ ಉಳಿದಂತೆ. ಆದರೆ ತಹಶೀಲ್ದಾರರು ಬೆಂಗಳೂರಿನ ಪ್ರತಿನಿಧಿ, ನಮ್ಮ ಪ್ರತಿನಿಧಿಯಲ್ಲ. ಅವರು ನಮಗೆ ಹತ್ತಿರ ಬಂದರೆ ಸರ್ಕಾರ ಹತ್ತಿರ ಬರುತ್ತದೆ. ನಮ್ಮ ಮಾತು ಸರ್ಕಾರಕ್ಕೆ ಹತ್ತಿರವಾಗುವುದಿಲ್ಲ. ಅದಕ್ಕೆ ಇರುವುದು ತಾಲ್ಲೂಕು ಪಂಚಾಯಿತಿ. ರಬಕವಿ-ಬನಹಟ್ಟಿ ತಾಲ್ಲೂಕಾದ ಮೇಲೆ ಅಲ್ಲಿಯ ಹಳ್ಳಿಗಳ ಮತದಾರರು ತಾಲ್ಲೂಕು ಪಂಚಾಯಿತಿಯ ಒಂದು ಸಾರ್ವತ್ರಿಕ ಚುನಾವಣೆಯನ್ನೂ ಕಂಡಿಲ್ಲ. ಕಚೇರಿಗಾಗಿ ಅಷ್ಟು ವರ್ಷ ಹೋರಾಡಿದ ನಾವು, ಮತಪೆಟ್ಟಿಗೆ ಬಾರದೇ ಹೋದದ್ದಕ್ಕೆ ಒಂದು ದಿನದ ಬಂದ್ ಕೂಡ ಮಾಡಲಿಲ್ಲ.

ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ಕಿತ್ತುಕೊಂಡು ಪ್ರತ್ಯೇಕ ಆಯೋಗಕ್ಕೆ ಕೊಟ್ಟಾಗ ಇದ್ದದ್ದು ಒಂದು ಪಕ್ಷದ ಸರ್ಕಾರ, ಆಮೇಲೆ ಮೀಸಲಾತಿ ಪಟ್ಟಿಯ ನೆಪದಲ್ಲಿ ಎಳೆದಾಡಿದ್ದು ಇನ್ನೊಂದು ಪಕ್ಷದ ಸರ್ಕಾರ. ಈ ಒಂದು ವಿಷಯದಲ್ಲಿ ಎರಡಕ್ಕೂ ಜಗಳವಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಚುನಾಯಿತ ಮಂಡಳಿ ಇಲ್ಲದ ಕಾರಣಕ್ಕೆ 15ನೇ ಹಣಕಾಸು ಆಯೋಗದ ಅನುದಾನಕ್ಕೂ ಕುತ್ತು ಬಂತು. ಹೆಗಡೆ ಕಾಲದ ಪರಿಷತ್ತುಗಳಿಗೂ ಹೀಗೇ ಆಗಿತ್ತು: 1987ರಲ್ಲಿ ಚುನಾಯಿತವಾಗಿ, ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಪಡೆದಿದ್ದ ಅವು 1992ರಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋದವು, 1995ರವರೆಗೆ ಚುನಾವಣೆ ಆಗಲಿಲ್ಲ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಹೋದರೆ ಹೋಯಿತು, ಅವು ಇದ್ದಾಗ ಕಡಿದು ಕಟ್ಟೆ ಹಾಕಿದ್ದೇನು ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ. ಬಂದ ಹಣದ ಬಹುಪಾಲು ಶಿಕ್ಷಕರ, ಸಿಬ್ಬಂದಿಯ ಸಂಬಳಕ್ಕೆ ಹೋಗುತ್ತಿತ್ತು, ಉಳಿದದ್ದಕ್ಕೂ ಮೇಲಿನವರು ಲೆಕ್ಕಶೀರ್ಷಿಕೆ ಬರೆದೇ ಕಳಿಸುತ್ತಿದ್ದರು. ಸದಸ್ಯೆಯ ಬದಲಿಗೆ ಆಕೆಯ ಗಂಡ ಸಭೆಯ ಬಾಗಿಲಲ್ಲಿ ನಿಂತಿರುತ್ತಿದ್ದ. ಸದಸ್ಯರಲ್ಲಿ ಎಷ್ಟೋ ಜನ ಗುತ್ತಿಗೆದಾರರ ನೆಂಟರು. ಆದರೂ ಸಾಮಾನ್ಯ ಸಭೆ ಎಂಬುದೊಂದಿತ್ತು. ಕುಡಿಯುವ ನೀರಿನ ಎಂಜಿನಿಯರು ಅಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು, ಆ ಉತ್ತರ ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಆ ಜಾಗವೇನೂ ಖಾಲಿ ಉಳಿಯಲಿಲ್ಲ. ಕೆಡಿಪಿ ಸಭೆಗಳನ್ನು ಉಸ್ತುವಾರಿ ಸಚಿವರು, ಶಾಸಕರು ಕೂತು ನಡೆಸುತ್ತಾರೆ. ಅಂಗನವಾಡಿಯ ಕಟ್ಟಡದಿಂದ ಹೊಲದ ದಾರಿಯವರೆಗೆ ಎಲ್ಲದಕ್ಕೂ ಶಾಸಕರ ಚೀಟಿ ಬೇಕು. ಕಾರ್ಖಾನೆ ನಡೆಸುವವರೇ ಶಾಸಕರೂ ಆಗುವುದು ಈ ಸೀಮೆಗೆ ಹೊಸದಲ್ಲ. ಹಾಗಾದಾಗ ಕಬ್ಬು ಕಳಿಸುವ ರೈತ ತನ್ನ ಊರಿನ ರಸ್ತೆಯನ್ನು ಯಾರ ಬಳಿ ಕೇಳಬೇಕು, ಯಾರ ಮೇಲೆ ದೂರಬೇಕು?

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂವಿಧಾನದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತರಿಂದಲೇ ಬರಬೇಕು. ಊರು ಮತ್ತು ಪಟ್ಟಣ ಎದುರುಬದುರು ಕೂತು ನೀರು, ನೆಲ ಹಂಚಿಕೊಳ್ಳುವ ಜಾಗ ಅದು. ಬನಹಟ್ಟಿಯ ಮಗ್ಗಗಳ ಬಣ್ಣದ ನೀರು ಯಾವ ಹಳ್ಳಕ್ಕೆ ಹೋಗಬೇಕು, ನಗರಸಭೆಯ ಕಸ ಯಾವ ಹಳ್ಳಿಯ ಸೀಮೆಯಲ್ಲಿ ಬೀಳಬೇಕು ಎನ್ನುವುದನ್ನು ತೀರ್ಮಾನಿಸಲು ಬೇರೆ ಜಾಗವಿಲ್ಲ. ಜಿಲ್ಲಾ ಪಂಚಾಯಿತಿಯೇ ಇಲ್ಲವೆಂದರೆ ಆ ಸಮಿತಿಯಲ್ಲಿ ಹಳ್ಳಿಯ ಕುರ್ಚಿಗಳೆಲ್ಲ ಖಾಲಿ.

ಇದೆಲ್ಲ ತಡವಾದರೂ ನಡೆದೀತು ಎನ್ನಬಹುದಿತ್ತು, ಆಲಮಟ್ಟಿ ಇಲ್ಲದಿದ್ದರೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಏರಿಸಿದರೆ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ರೂಪಾಯಿ ಎಂದು ದರ ಗೊತ್ತುಮಾಡಿತು. ಬೀಳಗಿ ತಾಲ್ಲೂಕು ಒಮ್ಮೆ ಮುಳುಗಿ, ಎದ್ದು, ಪುನರ್ವಸತಿ ಕೇಂದ್ರಗಳಲ್ಲಿ ಬದುಕು ಕಟ್ಟಿಕೊಂಡ ಸೀಮೆ. ಹಕ್ಕುಪತ್ರ, ಸ್ಮಶಾನ, ಕೆರೆ, ಶಾಲೆ ಇವುಗಳಿಗಾಗಿ ಎಷ್ಟು ವರ್ಷ ಅಲೆಯಬೇಕಾಗುತ್ತದೆ ಎಂದು ಅಲ್ಲಿಯ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಗಿನ ಪರಿಹಾರದ ಹಣ ಎಲ್ಲಿ ಹೋಗಿ ಬೀಳುತ್ತದೆ? ಪಟ್ಟಣದಂಚಿನ ಪ್ಲಾಟುಗಳ ಮೇಲೆ, ಉಳಿದ ನೀರಾವರಿ ಹೊಲಗಳ ಮೇಲೆ. ಎಕರೆಯ ಬೆಲೆ ಗಗನಕ್ಕೇರಿದಾಗ ಪರಿಹಾರವೇ ಸಿಗದ ಭೂಹೀನ ಕೂಲಿಕಾರ, ಕಬ್ಬು ಕಡಿಯುವ ಗ್ಯಾಂಗಿನವನು ಎಲ್ಲಿ ಮನೆ ಕಟ್ಟುತ್ತಾನೆ? ಹೊಸ ಊರು ಹೆದ್ದಾರಿಯ ಬದಿಗೋ, ಮಡ್ಡಿಯ ಮೇಲೋ, ಹಳೆಯ ಊರಿನ ನೆಂಟರ ಪಕ್ಕಕ್ಕೋ ಎಂಬುದನ್ನು ಕೃಷ್ಣಾ ಭಾಗ್ಯ ಜಲ ನಿಗಮದ ನಕ್ಷೆಯೊಂದೇ ಹೇಳಬಾರದು. ಜಿಲ್ಲೆಯ ನಕ್ಷೆಯನ್ನೇ ಬದಲಿಸುವ ಇಷ್ಟು ದೊಡ್ಡ ಕೆಲಸದ ಮಾತು ನಡೆಯುವಾಗ ಜಿಲ್ಲೆಗೆ ತನ್ನದೇ ಚುನಾಯಿತ ಸಭೆ ಇಲ್ಲದಿರುವುದು ನನಗೆ ಅಲಕ್ಷ್ಯಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ಕೇಳುವವರು ಇಲ್ಲದಿದ್ದರೆ ಕೆಲಸ ಸಲೀಸು, ಮಾಡಿಸುವವರಿಗೆ.

ಜಿಲ್ಲಾ ಪಂಚಾಯಿತಿಯ ಚುನಾವಣೆ ಯಾವತ್ತಾದರೂ ಬಂದೇ ಬರುತ್ತದೆ. ನಿಮ್ಮ ಕಟ್ಟೆಗೆ ಬಂದು ಕೈಮುಗಿದವರಿಗೆ ಚಹಾ ಕೊಡಿ, ಕೂರಿಸಿ. ರೈಲು, ಕಬ್ಬಿನ ದರದ ಮಾತು ತೆಗೆದರೆ ಅದು ಸಂಸದರ, ಸರ್ಕಾರದ ಕೆಲಸ ಎಂದು ನೆನಪಿಸಿ. ಬಸಿಗಾಲುವೆಯನ್ನು ಯಾವ ಊರಿನಿಂದ ಯಾವ ಊರಿಗೆ ತೆಗೆಯುತ್ತೀರಿ, ಬೇಡವೆನ್ನುವ ಊರಿನ ಮುಂದೆ ನಿಂತು ಹಾಗೆ ಹೇಳುತ್ತೀರಾ ಎಂದು ಕೇಳಿ. ಕಬ್ಬಿನ ಟ್ರ್ಯಾಕ್ಟರು ಕೆಡಿಸಿದ ರಸ್ತೆಗೆ ಕಾರ್ಖಾನೆಯಿಂದ ದುಡ್ಡು ಕೇಳುವ ಠರಾವು ಮಂಡಿಸುತ್ತೀರಾ ಎಂದು ಕೇಳಿ. ಮುಳುಗಡೆಯ ಊರುಗಳ ಜಾಗ ಆರಿಸುವಾಗ ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಹಟ ಹಿಡಿಯುತ್ತೀರಾ ಎಂದೂ ಕೇಳಿ. ಎಲ್ಲಕ್ಕಿಂತ ಮೊದಲು ಇನ್ನೊಂದು ಕೇಳಬೇಕು: ಇಷ್ಟು ವರ್ಷ ಚುನಾವಣೆ ನಿಂತಾಗ ನಿಮ್ಮ ಪಕ್ಷ ಏನು ಮಾಡುತ್ತಿತ್ತು, ನೀವು ಒಂದು ಮನವಿಪತ್ರಕ್ಕಾದರೂ ಸಹಿ ಹಾಕಿದ್ದಿರಾ? ಉತ್ತರ ಬಾರದಿದ್ದರೆ ನಿಮ್ಮ ಮತ ಅವರಿಗೆ ಸಲ್ಲಬೇಕಿಲ್ಲ.