ಸೊನ್ನೆ ಅನ್ನೋದು ಹೆಸರಲ್ಲ ಸ್ವಾಮೀ!

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಬಂದಿರೋದು ಜಗಳ ಆಡೋಕೆ. ಯಾರ ಜೊತೆ ಅಂದ್ರೆ, ಲಿನಕ್ಸ್‌ನಲ್ಲಿ ಯುಎಸ್‌ಬಿ ಸಾಧನ ಓದೋ ಪ್ರೋಗ್ರಾಂ ಬರೆದು, ಅದರಲ್ಲಿ "ಟಿಟಿವೈ ಯುಎಸ್‌ಬಿ 0" ಅಂತ ಕಣ್ಣು ಮುಚ್ಚಿ ಟೈಪಿಸಿ ಕೈ ತೊಳೆದುಕೊಳ್ಳೋ ನಮ್ಮಂಥ ಇಂಜಿನಿಯರುಗಳ ಜೊತೆ. "ನಮ್ಮಂಥ" ಅಂದಿದ್ದು ಬಾಯಿತಪ್ಪಿ ಅಲ್ಲ.

ನಮ್ಮೂರು ಬಳಗಾನೂರು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಅಲ್ಲಿ ನಮ್ಮ ಮಾವನದು ಭತ್ತ ಕೊಳ್ಳೋ ಅಂಗಡಿ. ಎರಡು ಎಲೆಕ್ಟ್ರಾನಿಕ್ ಕಾಟಾ, ಒಂದು ಅಂಗಡಿ ಮುಂದೆ, ಇನ್ನೊಂದು ಗೋಡೌನಲ್ಲಿ. ಎರಡೂ ಯುಎಸ್‌ಬಿ ಸೀರಿಯಲ್ ಕೇಬಲ್ಲಿನಿಂದ ಒಂದೇ ಹಳೇ ಕಂಪ್ಯೂಟರಿಗೆ. ಅದರಲ್ಲಿ ಉಬುಂಟು, ಮತ್ತೆ ತೂಕ ಓದಿ ಚೀಟಿ ಹೊಡೆಯೋ ಒಂದು ಪ್ರೋಗ್ರಾಂ. 0 ಅಂದ್ರೆ ಮುಂದಿನ ಕಾಟಾ, 1 ಅಂದ್ರೆ ಗೋಡೌನ್ ಕಾಟಾ. ಚೆನ್ನಾಗೇ ನಡೀತಿತ್ತು, ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬರೋ ತನಕ.

ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು, ಗೋಡೌನ್ ಕೇಬಲ್ ಈ ಸಲ ಮೊದಲು ಕಣ್ಣಿಗೆ ಬಿತ್ತು. ಅದೇ 0 ಆಯ್ತು. ಸ್ವಲ್ಪ ಹೊತ್ತಿಗೆ ಒಬ್ಬ ರೈತ ಚೀಟಿ ಹಿಡಿದು ಬಂದ.

"ಸಾವ್ಕಾರ್ರೇ, ನಾ ಹಾಕಿದ್ದು ಎರಡು ಚೀಲ ನೆಲ್ಲು. ಇದ್ರಾಗ ಒಂದು ಚೀಲದ ತೂಕ ಐತಲ್ರೀ?"

ಅವನ ತೂಕ ಗೋಡೌನಿನವನ ಚೀಟಿಗೆ, ಗೋಡೌನಿನವನದು ಇವನ ಚೀಟಿಗೆ! ಮಾವ ಎಲ್ಲಾ ಚೀಲ ಮತ್ತೆ ತೂಗಿಸಿ ಹಣ ಸರಿ ಮಾಡಿದರು. ಆದರೆ ಸುತ್ತ ನಿಂತಿದ್ದವರ ಮುಖದಲ್ಲಿ "ಕಾಟಾದಾಗ ಮೋಸ" ಅನ್ನೋ ಅನುಮಾನ ಬಂದಿತ್ತಲ್ಲ, ಅದನ್ನ ಯಾವ ಕಾಟಾದಲ್ಲಿ ತೂಗೋದು?

ಆ ಪ್ರೋಗ್ರಾಂ ಬರೆದವನು ನಾನೇ :-(

ಗೆಳೆಯನಿಗೆ ಹೇಳಿದರೆ "ವಿಂಡೋಸ್ ಹಾಕು, ಅದು ಕಾಮ್ ನಂಬರ್ ನೆನಪಿಟ್ಟುಕೊಳ್ಳುತ್ತೆ" ಅಂದ. ನಿಜ, ಒಪ್ಪಿದೆ. ಆದರೆ ಸೀರಿಯಲ್ ನಂಬರ್ ಇಲ್ಲದ ಕೇಬಲ್ಲನ್ನ ಬೇರೆ ಪೋರ್ಟಿಗೆ ಚುಚ್ಚಿ ನೋಡು, ಅಲ್ಲೂ ಹೊಸ ನಂಬರ್ ಬರುತ್ತೆ. ಇನ್ನೊಬ್ಬರು "ಕಿತ್ತು ಮತ್ತೆ ಹಾಕಿ, ಸರಿ ಹೋಗುತ್ತೆ" ಅಂದರು. ಸರಿ ಹೋಗುತ್ತೆ, ಮುಂದಿನ ಕರೆಂಟ್ ಕಟ್ ತನಕ!

ಲಿನಕ್ಸ್ ಇಲ್ಲಿ ಮೋಸ ಮಾಡಿಲ್ಲ. ಕರ್ನಲ್ ಕೊಡೋ 0, 1 ಸರದಿಯ ಟೋಕನ್ ಅಷ್ಟೇ, ಯಾರು ಮೊದಲು ಬಂದರೋ ಅವರಿಗೆ. ಕಾಯಂ ಹೆಸರಿಡೋ ಕೆಲಸಕ್ಕೆ ಅಂತಲೇ ಗ್ರೆಗ್ ಕ್ರೋವಾ-ಹಾರ್ಟ್‌ಮನ್ 2003ರಲ್ಲಿ ಯೂಡೆವ್ ಶುರು ಮಾಡಿದರು. 2012ರಲ್ಲಿ ಅದು ಸಿಸ್ಟಮ್‌ಡಿ ಜೊತೆ ಸೇರಿತು. ನೆಟ್‌ವರ್ಕ್ ಕಾರ್ಡಿನ "ಈಥ್ 0" ಇದೇ ಕಾಟ ಕೊಡ್ತಿತ್ತು ಅಂತ 2013ರಲ್ಲಿ ಅವುಗಳಿಗೂ ಜಾಗ ನೋಡಿ ಹೆಸರಿಡೋ ಪದ್ಧತಿ ತಂದರು. ಡಿಸ್ಕಿಗೆ ಯುಯುಐಡಿ ಬರೀತೀವಿ. ಕಾಟಾ ಬಂದಾಗ ಮಾತ್ರ ನಮಗೆ ಸೊನ್ನೆಯೇ ದೇವರು!

ನಮ್ಮ ಮಸ್ಕಿಯ ಬಂಡೆಯನ್ನೇ ನೋಡಿ. "ದೇವಾನಾಂಪ್ರಿಯ" ಅನ್ನೋದು ಬಿರುದು, ಸಿಂಹಳದ ರಾಜ ತಿಸ್ಸನಿಗೂ ಅದೇ ಬಿರುದಿತ್ತು. 1837ರಲ್ಲಿ ಶಾಸನ ಓದಿದ ಪ್ರಿನ್ಸೆಪ್ ಕೂಡ ಮೊದಲು ಇದು ಸಿಂಹಳದ ರಾಜನದೇ ಅಂದುಕೊಂಡಿದ್ದ. ಚಿನ್ನದ ಗಣಿ ಇಂಜಿನಿಯರ್ ಬೀಡನ್‌ಗೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಬಿರುದಿನ ಜೊತೆ "ಅಶೋಕ" ಅನ್ನೋ ಹೆಸರೂ ಇತ್ತು. ಬಂಡೆ ಕೆತ್ತಿದವನಿಗೆ ಗೊತ್ತಿದ್ದ ವಿಷಯ ಡಿಗ್ರಿ ಮಾಡಿದ ನನಗೆ ಗೊತ್ತಿರಲಿಲ್ಲ.

ಈಗ ರಿಪೇರಿ ಕಥೆ. ನನ್ನ ಮೊದಲ ನಿಯಮ ಕೆಲಸ ಮಾಡಲಿಲ್ಲ. ಎಡವಿದ ಜಾಗಗಳನ್ನ ಬರೆದಿಡ್ತೀನಿ, ನೀವು ಎಡವಬೇಡಿ:

1. ಹೋಲಿಸೋದಕ್ಕೆ ಎರಡು ಸಮ ಚಿಹ್ನೆ. ಹೊಸ ಹೆಸರನ್ನ ಸಿಮ್‌ಲಿಂಕ್ ಆಗಿ, ಪ್ಲಸ್ ಮತ್ತು ಸಮ ಚಿಹ್ನೆ ಹಾಕಿ ಸೇರಿಸಬೇಕು. ಮೂಲ ಹೆಸರನ್ನೇ ಬದಲಿಸೋಕೆ ಹೋಗಬೇಡಿ, ಅದು ನಡೆಯೋದು ನೆಟ್‌ವರ್ಕ್ ಕಾರ್ಡಿಗೆ ಮಾತ್ರ.

2. ಯೂಡೆವ್‌ಎಡಿಎಂ ತೋರಿಸೋ ಉದ್ದನೆ ಪಟ್ಟಿಯಿಂದ ಸಿಕ್ಕಸಿಕ್ಕಿದ್ದು ಹೆಕ್ಕಬೇಡಿ. ಸಾಧನದ ಗುಣ, ಜೊತೆಗೆ ಮೇಲಿನ ಒಂದೇ ಒಂದು ಪೇರೆಂಟಿನ ಗುಣ. ಇಬ್ಬರು ಪೇರೆಂಟ್‌ಗಳದ್ದನ್ನ ಬೆರೆಸಿದರೆ ನಿಯಮ ಹೊಂದೋದೇ ಇಲ್ಲ.

3. ಫೈಲ್ ಹೆಸರು "ಡಾಟ್ ರೂಲ್ಸ್" ಅಂತ ಮುಗೀಬೇಕು. ಬರೆದ ಮೇಲೆ ರೀಲೋಡ್ ಮಾಡಿ ಕೇಬಲ್ ಕಿತ್ತು ಚುಚ್ಚಿ.

ಇಷ್ಟಾದರೂ ಸಮಸ್ಯೆ ಉಳೀತು. ನನ್ನ ಎರಡೂ ಕೇಬಲ್‌ನಲ್ಲಿ ಇದ್ದದ್ದು ಅಗ್ಗದ ಸಿಎಚ್340 ಚಿಪ್. ಕಂಪನಿ ನಂಬರ್, ಮಾಡೆಲ್ ನಂಬರ್ ಎರಡೂ ಒಂದೇ, ಸೀರಿಯಲ್ ನಂಬರ್ ಇಲ್ಲವೇ ಇಲ್ಲ. ಅವಳಿ ಜವಳಿ! ಕೊನೆಗೆ ಯಾವ ಪೋರ್ಟಿಗೆ ಚುಚ್ಚಿದೆ ಅನ್ನೋದರ ಮೇಲೆ ಹೆಸರಿಟ್ಟೆ, "ಮುಂದಿನ ಕಾಟಾ", "ಗೋಡೌನ್ ಕಾಟಾ". ಪೋರ್ಟಿಗೂ ಕೇಬಲ್ಲಿಗೂ ಒಂದೇ ಬಣ್ಣದ ಟೇಪ್. ಇದೂ ಪೂರ್ತಿ ಭದ್ರ ಅಲ್ಲ, ಯಾರಾದರೂ ಎರಡು ಕೇಬಲ್ ಅದಲುಬದಲು ಮಾಡಿದರೆ ಮತ್ತೆ ಅದೇ ಕಥೆ. ಅದಕ್ಕೇ ಸೀರಿಯಲ್ ನಂಬರ್ ಇರೋ ಕೇಬಲ್ ಕೊಳ್ಳಿ ಅಂತ ಮಾವನಿಗೆ ಹೇಳಿದ್ದೀನಿ. ಹೆಸರು ಸಿಗದಿದ್ದರೆ ಪ್ರೋಗ್ರಾಂ ಈಗ ಚೀಟಿ ಹೊಡೆಯಲ್ಲ, "ಕಾಟಾ ಸಿಗುತ್ತಿಲ್ಲ" ಅಂತ ನಿಲ್ಲುತ್ತೆ. ತಪ್ಪು ಚೀಟಿಗಿಂತ ನಿಂತ ಮಷಿನ್ ವಾಸಿ.

ಕರೆಂಟನ್ನ ಬೈಯೋದು ಸುಲಭ, ಲಿನಕ್ಸನ್ನ ಬೈಯೋದು ಇನ್ನೂ ಸುಲಭ. ಆದರೆ ಬಳಗಾನೂರಿನಲ್ಲಿ ಕರೆಂಟ್ ಹೋಗುತ್ತೆ ಅಂತ ನನಗೆ ಹುಟ್ಟಿದಾಗಿಂದ ಗೊತ್ತು. ಬೆಂಗಳೂರಲ್ಲಿ ಕೂತು ಒಂದೇ ಕೇಬಲ್ ಹಾಕಿ ಟೆಸ್ಟ್ ಮಾಡಿ "ಆಯ್ತು ಮಾವ" ಅಂದವನು ನಾನು. ತಪ್ಪು ನಂದು.

ಕನ್ನಡದಲ್ಲಿ ಲಿನಕ್ಸ್ ಪಾಠ ಬರೆಯೋ ಗೆಳೆಯರೇ, ನಿಮ್ಮ ಹಳೇ ಪೋಸ್ಟುಗಳನ್ನ ಒಮ್ಮೆ ತೆಗೆದು ನೋಡಿ. ಎಲ್ಲಾದರೂ ಬರೀ 0 ಅಂತ ಬರೆದು ಬಿಟ್ಟಿದ್ದರೆ ಕೆಳಗೆ ಎರಡು ಸಾಲು ಸೇರಿಸಿ. ಅದನ್ನ ನಕಲು ಮಾಡಿ ಯಾರೋ ಎಲ್ಲೋ ಒಬ್ಬ ರೈತನ ಭತ್ತ ತೂಗ್ತಾ ಇರಬಹುದು.

ನೀವೇನಂತೀರಿ?