ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುವವರಿಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಂಗಳೂರಿನಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್ ಮುಗಿಸಿಕೊಂಡು ಬಳ್ಳಾರಿಗೆ ಹೊರಟಿದ್ದೆವು. ಕಾರು ಅಪ್ಪನದು, 2010ರ ಮಾಡೆಲ್. ಶಿರಾ ದಾಟುವಷ್ಟರಲ್ಲಿ ಎಸಿಯಿಂದ ಬಿಸಿಗಾಳಿ ಬರೋಕೆ ಶುರುವಾಯ್ತು. ಹಿರಿಯೂರಿನವರೆಗೆ ಹೇಗೋ ತಡ್ಕೊಂಡ್ವಿ. ಚಳ್ಳಕೆರೆ ಕಡೆ ತಿರುಗಿದ ಮೇಲೆ ಆಗಲಿಲ್ಲ, ಕಿಟಕಿ ಇಳಿಸಿದೆವು. ಕಣ್ಣಿಗೆ ಧೂಳು ಬೀಳಬಾರದು ಅಂತ ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ಅಮ್ಮ ಕಪ್ಪು ಕನ್ನಡಕದ ಮೇಲೆ ಸೆರಗು ಹಿಡಿದುಕೊಂಡು ಬಳ್ಳಾರಿವರೆಗೂ ಹಾಗೇ ಕೂತಿದ್ದಳು. "ಇರ್ಲಿ ಬಿಡಪ್ಪ, ಎಷ್ಟೊತ್ತಿನ ದಾರಿ" ಅಂದಳು.

ನನ್ನ ಮೇಲೆ ನನಗೇ ಸಿಟ್ಟು ಬಂತು. 20 ದಿನದ ಹಿಂದಷ್ಟೇ ಗ್ಯಾಸ್ ತುಂಬಿಸಿದ್ದೆ. ಅದು ಮೂರು ವರ್ಷದಲ್ಲಿ ನಾಲ್ಕನೇ ಸಲ. ಸಲಕ್ಕೆ 1,800 ರೂಪಾಯಿ.

ಕಾರ್ ಎಸಿಯ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಿ ಮುಗಿಯುವ ವಸ್ತು ಅಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ರಬ್ಬರ್ ಹೋಸ್‌ಗಳಿಂದ ಚೂರುಪಾರು ಹೋಗಬಹುದು, ಅದಕ್ಕೆ ವರ್ಷಗಳೇ ಬೇಕು. ತಿಂಗಳೊಪ್ಪತ್ತಿನಲ್ಲಿ ಖಾಲಿಯಾಯ್ತು ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಇದು ನನಗೆ ಹೊಳೆಯದೇ ಇರೋದು ನಾಚಿಕೆಯ ವಿಷಯ. ಆಫೀಸಿನಲ್ಲಿ ಮೆಮೊರಿ ಲೀಕ್ ಇರೋ ಸರ್ವರನ್ನು ಯಾರಾದರೂ ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ "ಸರಿಯಾಯ್ತು" ಅಂದರೆ ನಗುವವನು ನಾನು. ಕಾರಿನ ವಿಷಯದಲ್ಲಿ ಮೂರು ವರ್ಷ ಅದನ್ನೇ ಮಾಡಿದ್ದೆ.

ಈ ಸಲ ಬೆಂಗಳೂರಿಗೆ ವಾಪಸ್ ಬಂದವನು ಬರೀ ಕಾರ್ ಎಸಿ ಕೆಲಸ ಮಾಡುವ ಸಣ್ಣ ಗ್ಯಾರೇಜ್ ಹುಡುಕಿದೆ. ಮೆಕ್ಯಾನಿಕ್ ಅಣ್ಣ ಗ್ಯಾಸ್ ಸಿಲಿಂಡರ್ ಮುಟ್ಟಲೇ ಇಲ್ಲ. ಬಾನೆಟ್ ಎತ್ತಿ ಪೈಪಿನ ಜಾಯಿಂಟುಗಳಲ್ಲಿ ಎಣ್ಣೆ ಜಿಡ್ಡು ಇದೆಯಾ ನೋಡಿದರು, ಸೋಪಿನ ನೀರು ಹಚ್ಚಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ಆಮೇಲೆ ಲೀಕ್ ಡಿಟೆಕ್ಟರನ್ನು ಕಾರಿನ ಕೆಳಗೆ, ಎಸಿ ನೀರು ತೊಟ್ಟಿಕ್ಕುವ ಪೈಪಿನ ಬಾಯಿಗೆ ಹಿಡಿದರು. ಬೀಪ್ ಬೀಪ್ ಅಂತ ಒಂದೇ ಸಮನೆ ಹೊಡೆದುಕೊಂಡಿತು. ಈ ಗ್ಯಾಸ್ ಗಾಳಿಗಿಂತ ಭಾರ. ಒಳಗೆ ಸೋರಿದ್ದು ಕೆಳಗಿಳಿದು ಅಲ್ಲಿಂದ ಹೊರಬರುತ್ತಿತ್ತು.

"ಕೂಲಿಂಗ್ ಕಾಯಿಲ್ ಹೋಗಿದೆ ಸರ್. ಡ್ಯಾಶ್‌ಬೋರ್ಡ್ ಬಿಚ್ಚಬೇಕು."

ಕೂಲಿಂಗ್ ಕಾಯಿಲ್ ಅಂದರೆ ಇವಾಪರೇಟರ್. ಮಣ್ಣಿನ ಹೂಜಿಯಲ್ಲಿ ನೀರು ಆವಿಯಾಗುತ್ತಾ ಉಳಿದ ನೀರನ್ನು ತಂಪು ಮಾಡುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಅಲ್ಯೂಮಿನಿಯಂ ನಾಳಗಳೊಳಗೆ ಕಡಿಮೆ ಒತ್ತಡದಲ್ಲಿ ದ್ರವ ಕುದಿದು ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖ ಎಳೆದುಕೊಳ್ಳುತ್ತದೆ. ಬ್ಲೋವರ್ ಆ ತಣ್ಣನೆ ಗಾಳಿಯನ್ನು ನಮ್ಮ ಮುಖಕ್ಕೆ ತಳ್ಳುತ್ತದೆ.

ಅಪ್ಪನಿಗೆ ಫೋನ್ ಮಾಡಿದೆ. "12 ಸಾವಿರ ಆ ಕಾರಿಗಾ? ಗ್ಯಾಸ್ ಹಾಕಿಸ್ಕೊಂಡು ಓಡ್ಸೋ" ಅಂದರು. ಕಾರ್ ಮಾರಿದರೆ ಹೆಚ್ಚೆಂದರೆ ಲಕ್ಷ ರೂಪಾಯಿ ಬಂದೀತು, ನಿಜ. ಆದರೆ ಇಂಜಿನ್ ಚೆನ್ನಾಗಿತ್ತು. ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್‌ಗೆ ಆರು ವಾರವಷ್ಟೇ ಇತ್ತು. ಮಾಡಿ ಅಂದುಬಿಟ್ಟೆ.

ಒಂದೂವರೆ ದಿನದ ಕೆಲಸ. ಶನಿವಾರವಾದ್ದರಿಂದ ನಾನೂ ಪಕ್ಕದಲ್ಲೇ ಇದ್ದೆ. ಮೊದಲು ಬ್ಯಾಟರಿ ವೈರ್ ತೆಗೆದರು. ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್‌ಗೆ ಎಳೆದುಕೊಂಡರು. ಅದು ಆರ್-134ಎ, ಓಝೋನ್‌ಗೆ ತೊಂದರೆ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಪಟ್ಟು ಮೇಲು. ನಾಲ್ಕು ಸಲ ತುಂಬಿಸಿದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಆಗ ಯೋಚನೆಯಾಯ್ತು.

ಗ್ಲೋವ್‌ಬಾಕ್ಸ್, ಸ್ಟೀರಿಂಗ್, ಮೀಟರ್, ಕೊನೆಗೆ ಇಡೀ ಡ್ಯಾಶ್‌ಬೋರ್ಡ್ ಹೊರಗೆ ಬಂತು. ಪ್ರತಿ ಹಂತಕ್ಕೂ ಒಂದೊಂದು ಟೀ ಕಪ್‌ನಲ್ಲಿ ಸ್ಕ್ರೂ ಹಾಕಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟರು. ಹಳೇ ಕಾರಿನ ಪ್ಲಾಸ್ಟಿಕ್ ಕ್ಲಿಪ್‌ಗಳು ಒಣಗಿರುತ್ತವೆ, ಎಷ್ಟು ಹುಷಾರಾಗಿದ್ದರೂ ಮೂರು ಮುರಿದವು.

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಕೊಳೆತ ಎಲೆ, ಧೂಳಿನ ಕೆಸರು. ನಮ್ಮ ಕಾರಿನಲ್ಲಿ ಕ್ಯಾಬಿನ್ ಫಿಲ್ಟರ್ ಕೂರಿಸಲು ಜಾಗ ಇತ್ತು, ಫಿಲ್ಟರ್ ಮಾತ್ರ ಇರಲಿಲ್ಲ. ಮನೆ ಮುಂದಿನ ಹೊಂಗೆ ಮರದ ಕೆಳಗೇ ವರ್ಷಗಟ್ಟಲೆ ಪಾರ್ಕ್ ಮಾಡಿದ್ದೆವು. ಎಸಿ ಓಡಿದಾಗಲೆಲ್ಲ ಕಾಯಿಲ್ ಒದ್ದೆಯಾಗುತ್ತದೆ. ಒದ್ದೆ ಕಸ ಅಂಟಿಕೊಂಡೇ ಇದ್ದು ಅಲ್ಯೂಮಿನಿಯಂ ತಿಂದುಹಾಕಿತ್ತು.

ಹೊಸ ಕಾಯಿಲ್ ಜೊತೆ ಎಕ್ಸ್‌ಪ್ಯಾನ್ಷನ್ ವಾಲ್ವ್, ಡ್ರೈಯರ್, ಓ-ರಿಂಗ್‌ಗಳನ್ನೂ ಬದಲಿಸಿದರು. ಇನ್ನೊಮ್ಮೆ ಡ್ಯಾಶ್‌ಬೋರ್ಡ್ ಬಿಚ್ಚುವ ಹಣೆಬರಹ ಬೇಡ ಅಂತ. ಹಳೇ ಕಾಯಿಲ್ ಜೊತೆ ಹೋದಷ್ಟು ಆಯಿಲ್ ಸೇರಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ ಗೇಜ್ ನೋಡುತ್ತಾ ಕೂತರು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆಯೇ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿದ್ದಷ್ಟು ಗ್ರಾಂ ಗ್ಯಾಸ್ ತೂಕ ಮಾಡಿ ತುಂಬಿದ್ದು.

ಬಿಲ್: ಕಾಯಿಲ್ 4,500, ವಾಲ್ವ್ 900, ಡ್ರೈಯರ್ 700, ಗ್ಯಾಸ್ ಮತ್ತು ಆಯಿಲ್ 1,800, ಕೂಲಿ 4,500. ಒಟ್ಟು 12,400. ನಾಲ್ಕು ಸಲ ಗಾಳಿಗೆ ತೂರಿದ್ದು 7,200.

ನಿಮ್ಮ ಕಾರಿಗೂ ಪ್ರತಿ ಬೇಸಿಗೆ ಗ್ಯಾಸ್ ಬೇಕಾಗ್ತಿದ್ರೆ, ತುಂಬಿಸುವ ಮೊದಲು "ಲೀಕ್ ಎಲ್ಲಿದೆ, ತೋರಿಸಿ" ಅಂತ ಕೇಳಿ. ಜಾಯಿಂಟ್‌ನ ಓ-ರಿಂಗ್ ಆಗಿದ್ದರೆ ಕಡಿಮೆಯಲ್ಲೇ ಮುಗಿಯುತ್ತದೆ. ಕಾಯಿಲ್ ಆಗಿದ್ದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾ ಅಂತ ವಿಚಾರಿಸಿ. ಕೆಲವು ಕಾರುಗಳಲ್ಲಿ ಗ್ಲೋವ್‌ಬಾಕ್ಸ್ ಕಡೆಯಿಂದಲೇ ತೆಗೆಯಬಹುದು. ಜೊತೆಗೆ ಏನೇನು ಬದಲಿಸ್ತಾರೆ ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ. ಕ್ಯಾಬಿನ್ ಫಿಲ್ಟರ್ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಿ, ಜಾಸ್ತಿ ಖರ್ಚಿಲ್ಲ.

ಮೊನ್ನೆ ಅಮ್ಮನ ಎರಡನೇ ಕಣ್ಣಿನ ಆಪರೇಷನ್ ಮುಗಿಯಿತು. ಅದೇ ದಾರಿ, ಅದೇ ಕಾರು, ಕಿಟಕಿ ಎಲ್ಲ ಮುಚ್ಚಿತ್ತು. ಹಿರಿಯೂರು ದಾಟುತ್ತಿದ್ದಾಗ ಹಿಂದಿನ ಸೀಟಿನಿಂದ ಅಮ್ಮ ಕರೆದಳು.

"ಸ್ವಲ್ಪ ಕಮ್ಮಿ ಮಾಡಪ್ಪ. ಚಳಿ ಆಗ್ತಿದೆ."