ಅಂಟಿಸುವ ಕೈ ಒಂದು, ಕೀಳುವ ಕೈ ಇನ್ನೊಂದು

ಕಾಲೇಜು ಫೆಸ್ಟ್ ಮುಗಿದ ಮರುದಿನ ಕ್ಯಾಂಪಸ್ ನೋಡಿದ್ದೀರಾ? ಶಾಮಿಯಾನ ಬಿಚ್ಚಿರುತ್ತಾರೆ, ಸ್ಪೀಕರ್‌ಗಳು ಟೆಂಪೊ ಹತ್ತಿರುತ್ತವೆ, ಬಾಡಿಗೆ ಕುರ್ಚಿಗಳನ್ನು ಎಣಿಸಿ ವಾಪಸ್ ಕಳಿಸಿರುತ್ತಾರೆ. ಎಲ್ಲೂ ಹೋಗದೆ ಅಲ್ಲೇ ಉಳಿಯುವುದು ಗಾಜಿಗೆ ಅಂಟಿಸಿದ ಸ್ಟಿಕ್ಕರ್‌ಗಳು ಮಾತ್ರ. ಲೈಬ್ರರಿ ಕಿಟಕಿ, ಲ್ಯಾಬ್ ಬಾಗಿಲು, ಕ್ಯಾಂಟೀನ್ ಗಾಜು ಎಲ್ಲಿ ನೋಡಿದರೂ ಅವೇ. ಎರಡು ವರ್ಷ ಹಿಂದಿನ ಫೆಸ್ಟಿನ ಹೆಸರು ಅರ್ಧ ಹರಿದು, ಬಿಸಿಲಿಗೆ ಬಣ್ಣ ಕಳೆದುಕೊಂಡು, ಸುತ್ತ ಕಪ್ಪು ಅಂಟಿನ ಅಂಚು ಕಟ್ಟಿಕೊಂಡು ಕೂತಿರುತ್ತದೆ.

ಅಂಟಿಸಲು ಬೇಕಾಗಿದ್ದು ಎರಡು ಸೆಕೆಂಡ್. ಹಿಂದಿನ ಹಾಳೆ ಸುಲಿದು ಒತ್ತಿದರೆ ಮುಗಿಯಿತು. ಕೀಳಲು ಎಷ್ಟು ಹೊತ್ತು ಬೇಕು? ಇದನ್ನು ನಮ್ಮನ್ನು ಕೇಳಿದರೆ ಉತ್ತರ ಸಿಗದು, ಹೌಸ್‌ಕೀಪಿಂಗ್ ಅಕ್ಕನನ್ನು ಕೇಳಬೇಕು. ನ್ಯಾಕ್ ತಂಡ ಬರುತ್ತದೆ ಎಂದು ಗೊತ್ತಾದ ವಾರ ಅವರ ಕೈಗೆ ಒಂದು ಹಳೇ ಬ್ಲೇಡು, ಒಂದು ಬಕೆಟ್ ನೀರು ಬರುತ್ತದೆ. ಬ್ಲೇಡಿಗೆ ಹಿಡಿ ಇಲ್ಲ, ಕೈಗೆ ಗ್ಲೌಸ್ ಇಲ್ಲ. ಬೆರಳು ಕೊಯ್ದರೆ ಬಟ್ಟೆ ಸುತ್ತಿಕೊಂಡು ಮುಂದಿನ ಕಿಟಕಿಗೆ ಹೋಗಬೇಕು. ಅವರ ಸಂಬಳದಲ್ಲಿ ‘ಸ್ಟಿಕ್ಕರ್ ಭತ್ಯೆ’ ಅಂತೇನೂ ಇರುವುದಿಲ್ಲ. ಅಂಟಿಸಿದ ಖುಷಿ ನಮ್ಮದು, ಕೀಳುವ ಕಷ್ಟ ಅವರದು. ನನ್ನ ತಕರಾರು ಇಷ್ಟೇ.

ಇದು ಕಾಲೇಜಿಗೆ ಮುಗಿಯುವ ಕಥೆಯೂ ಅಲ್ಲ. ಬಸ್ಸಿನ ಕಿಟಕಿ ನೋಡಿ. ‘ಮನೆಯಲ್ಲೇ ಕುಳಿತು ಹಣ ಗಳಿಸಿ’, ‘ಪಿಜಿ ಖಾಲಿ ಇದೆ’, ‘ತಕ್ಷಣ ಸಾಲ’ ಎಂದು ಸಾಲುಸಾಲು ಸ್ಟಿಕ್ಕರ್. ಯಾವ ಸ್ಟಾಪ್ ಬಂತು ಎಂದು ನೋಡಲು ಸಂದಿ ಹುಡುಕಬೇಕು. ಕೆಲವೊಮ್ಮೆ ‘ತುರ್ತು ನಿರ್ಗಮನ’ ಎಂದು ಬರೆದ ಗಾಜಿನ ಮೇಲೂ ಯಾರೋ ಅಂಟಿಸಿ ಹೋಗಿರುತ್ತಾರೆ. ಹೊಗೆ ತುಂಬಿದ ಬಸ್ಸಿನಲ್ಲಿ ಆ ಎರಡು ಪದ ಕಾಣಿಸದಿದ್ದರೆ ಏನಾಗಬಹುದೆಂದು ಅಂಟಿಸಿದವನು ಯೋಚಿಸಿರುವುದಿಲ್ಲ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳಲ್ಲಿ ಕಂಡಕಂಡಂತೆ ಅಂಟಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆ ಇದೆ. ಕಾಯ್ದೆಗೆ ವಯಸ್ಸಾಯಿತು, ಸ್ಟಿಕ್ಕರ್‌ಗೆ ಮಾತ್ರ ದಿನವೂ ಹೊಸ ಹುಟ್ಟು.

ತಮಾಷೆ ಏನು ಗೊತ್ತಾ? ಸ್ಟಿಕ್ಕರ್ ಹುಟ್ಟಿದ್ದೇ ಸುಲಭವಾಗಿ ಕೀಳಲಿಕ್ಕೆ. 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ತನ್ನಷ್ಟಕ್ಕೆ ಅಂಟುವ ಲೇಬಲ್‌ಗಳ ವ್ಯಾಪಾರ ಶುರು ಮಾಡಿದಾಗ ತನ್ನ ಕಂಪನಿಗೆ ಇಟ್ಟ ಹೆಸರು ‘ಕಮ್ ಕ್ಲೀನ್’. ಅಂಗಡಿಯ ಸಾಮಾನಿಗೆ ಬೆಲೆಚೀಟಿ ಅಂಟಿಸಬೇಕು, ಕಿತ್ತರೆ ಕಲೆ ಉಳಿಯಬಾರದು ಎಂಬುದು ಅದರ ಹಿಂದಿದ್ದ ಆಸೆ. ನಾವು ಆ ಆಸೆಯ ಮೊದಲರ್ಧ ಮಾತ್ರ ಇಟ್ಟುಕೊಂಡೆವು.

ಕೀಳುವುದು ಕಷ್ಟವಾಗುವುದಕ್ಕೆ ಕಾರಣವಿದೆ. ಸ್ಟಿಕ್ಕರಿನ ಅಂಟು ಗೋಂದಿನಂತೆ ಒಣಗಿ ಗಟ್ಟಿಯಾಗುವುದಿಲ್ಲ. ಅದು ತುಂಬ ಮಂದವಾದ ದ್ರವದ ಹಾಗೆ ಮೆತ್ತಗೇ ಇದ್ದು, ಒತ್ತಿದಾಗ ಗಾಜಿನ ಮೈಗೆ ಹರಡಿ ಕೂರುತ್ತದೆ. ದಿನ ಕಳೆದಂತೆ ಹಿಡಿತ ಹೆಚ್ಚುತ್ತದೆ. ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಪೆಡಸಾಗಿ, ಎಳೆದರೆ ಚೂರುಚೂರಾಗುತ್ತದೆ. ಹಾಗಾಗಿ ವಾರದೊಳಗೆ ಒಂದೇ ಎಳೆತಕ್ಕೆ ಬರುವ ಸ್ಟಿಕ್ಕರ್ ವರ್ಷದ ಮೇಲೆ ಅರ್ಧ ಗಂಟೆ ತಿನ್ನುತ್ತದೆ. ತಡ ಮಾಡಿದಷ್ಟೂ ಕೆಲಸ ಹೆಚ್ಚು.

ಕೀಳುವ ವಿದ್ಯೆ ಕಲಿಯಲು ಯೂಟ್ಯೂಬ್ ಕೂಡ ಬೇಡ. ಬಿಸಿ ತಾಗಿದರೆ ಅಂಟು ಸಡಿಲವಾಗುತ್ತದೆ. ಹೇರ್ ಡ್ರೈಯರ್ ಹಿಡಿಯಿರಿ, ಇಲ್ಲವೇ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಇಡಿ. ಕುದಿಯುವ ನೀರನ್ನು ತಣ್ಣಗಿನ ಗಾಜಿಗೆ ಎರಚಬೇಡಿ, ಗಾಜು ಬಿರಿಯಬಹುದು. ಒಂದು ಮೂಲೆ ಎದ್ದ ಮೇಲೆ ನಿಧಾನವಾಗಿ, ಗಾಜಿಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆಯಿರಿ. ಉಳಿದ ಜಿಗುಟಿಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಸಾಕು. ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಅಂಟು ಎಣ್ಣೆಯಲ್ಲಿ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಆಮೇಲೆ ಪಾತ್ರೆ ಸೋಪಿನಿಂದ ತೊಳೆದರೆ ಗಾಜು ಫಳಫಳ. ಬ್ಲೇಡು ಬೇಕೇ ಬೇಕು ಎಂದಾದರೆ ಹಿಡಿ ಇರುವ ಸ್ಕ್ರೇಪರ್ ಇರಲಿ, ಗಾಜು ಒದ್ದೆ ಇರಲಿ, ಬ್ಲೇಡು ಮಲಗಿದಂತೆ ಇಟ್ಟು ಒಂದೇ ದಿಕ್ಕಿಗೆ ತಳ್ಳಿ. ಕಾರಿನ ಹಿಂದಿನ ಗಾಜಿನ ಒಳಬದಿಗೆ ಅದೂ ಬೇಡ, ಅಲ್ಲಿರುವ ಡಿಫಾಗರ್ ಗೆರೆಗಳು ಕಿತ್ತುಹೋಗುತ್ತವೆ. ನೇಲ್ ಪಾಲಿಶ್ ರಿಮೂವರ್ ಅಂಟನ್ನು ಕರಗಿಸುತ್ತದೆ ನಿಜ, ಆದರೆ ಪಕ್ಕದ ಪೇಂಟು, ಪ್ಲಾಸ್ಟಿಕ್ ಬೀಡಿಂಗನ್ನೂ ಬಿಡುವುದಿಲ್ಲ. ಪೆಟ್ರೋಲ್ ಅಂತೂ ಹತ್ತಿರವೇ ತರಬೇಡಿ.

ಇಷ್ಟು ಗೊತ್ತಿದ್ದರೆ ಒಂದು ಕಿಟಕಿ ಸ್ವಚ್ಛ ಮಾಡಬಹುದು. ಅಭ್ಯಾಸ ಸರಿಮಾಡಲು ಇನ್ನೊಂದು ಬೇಕು, ಜವಾಬ್ದಾರಿ ಯಾರದು ಎಂಬ ಸ್ಪಷ್ಟತೆ. ಕಾರಿನ ಕಪ್ಪು ಫಿಲಂ ವಿಷಯದಲ್ಲಿ ನಮ್ಮ ದೇಶ ಇದನ್ನು ಒಮ್ಮೆ ಮಾಡಿ ತೋರಿಸಿದೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ವಾಹನಗಳ ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಬೇಕು ಎಂಬ ನಿಯಮ ಮೊದಲೇ ಇತ್ತು, ಕೇಳುವವರಿರಲಿಲ್ಲ. ತೀರ್ಪು ಬಂದ ಮೇಲೆ ಫಿಲಂ ಕಿತ್ತಿದ್ದು ಯಾವ ಕ್ಲೀನರೂ ಅಲ್ಲ. ಅಂಟಿಸಿಕೊಂಡವರೇ ಕೀಳಬೇಕಾಯಿತು, ಕೀಳದವರು ದಂಡ ಕಟ್ಟಬೇಕಾಯಿತು. ಕಾರಿನ ಮಾಲೀಕನಿಗೆ ಒಪ್ಪುವ ನ್ಯಾಯ ಫೆಸ್ಟ್ ಕಮಿಟಿಗೆ ಯಾಕೆ ಒಪ್ಪಬಾರದು?

‘ಹಾಗಾದರೆ ಪ್ರಚಾರ ಮಾಡೋದು ಹೇಗೆ? ಒಂದು ಸ್ಟಿಕ್ಕರ್‌ಗೆ ಇಷ್ಟೊಂದು ಗಲಾಟೆನಾ?’ ಎಂದು ಗೆಳೆಯರು ಕೇಳುತ್ತಾರೆ. ಸ್ಟಿಕ್ಕರೇ ಬೇಡ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಗಾಜಿನ ಬಾಗಿಲಿಗೆ ಕಣ್ಣಿನ ಎತ್ತರದಲ್ಲಿ ಒಂದು ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜನ ಹಣೆ ಒಡೆದುಕೊಳ್ಳುತ್ತಾರೆ. ಫಾಸ್ಟ್ಯಾಗ್ ಕಾರಿನ ಮುಂದಿನ ಗಾಜಿಗೇ ಅಂಟಬೇಕು. ಉಪಯೋಗ ಇರುವವರೆಗೆ ಸ್ಟಿಕ್ಕರ್ ಇರಲಿ. ಉಪಯೋಗ ಮುಗಿದ ದಿನ ಅದು ಕಸ. ನಮ್ಮ ಕಸವನ್ನು ಇನ್ನೊಬ್ಬರ ಕೈಗೆ ಬ್ಲೇಡು ಕೊಟ್ಟು ತೆಗೆಸುವುದು ಯಾವ ಲೆಕ್ಕದಲ್ಲೂ ಕೂಲ್ ಅಲ್ಲ. ‘ಅವರಿಗೆ ಅದಕ್ಕೇ ಸಂಬಳ ಕೊಡೋದು’ ಎನ್ನುವವರೂ ಇದ್ದಾರೆ. ಅವರಿಗೆ ಸಂಬಳ ಕೊಡುವುದು ಕಾಲೇಜು ಸ್ವಚ್ಛವಾಗಿಡಲು. ನಾವು ಬೇಕೆಂದೇ ಮಾಡಿದ ಗಲೀಜು ತೆಗೆಯುವುದು ಅದರಲ್ಲಿ ಸೇರುವುದಿಲ್ಲ.

ಬಜೆಟ್ ಮೀಟಿಂಗಿನಲ್ಲಿ ನಾವು ಪ್ರಿಂಟಿಂಗಿಗೆ ಎಷ್ಟು, ಟೀ ಶರ್ಟಿಗೆ ಎಷ್ಟು, ಡಿಜೆಗೆ ಎಷ್ಟು ಎಂದು ರೂಪಾಯಿ ರೂಪಾಯಿ ಲೆಕ್ಕ ಹಾಕುತ್ತೇವೆ. ಆ ಪಟ್ಟಿಗೆ ಇನ್ನೂ ಮೂರು ಸಾಲು ಸೇರಿಸಿ ನೋಡೋಣ. ಒಂದು, ಗಾಜಿಗೆ ಬದಲು ನೋಟಿಸ್ ಬೋರ್ಡ್. ಎರಡು, ಗಾಜಿಗೇ ಬೇಕೆಂದರೆ ಪ್ರತಿ ಸ್ಟಿಕ್ಕರಿನ ಮೂಲೆಯಲ್ಲಿ ಅದನ್ನು ತೆಗೆಯುವ ತಾರೀಕು. ಮೂರು, ಆ ದಿನ ಎಣ್ಣೆ ಬಟ್ಟೆ ಹಿಡಿದು ಬರಬೇಕಾದವರ ಹೆಸರು. ಆ ಹೆಸರು ಸ್ಟಿಕ್ಕರ್ ಅಂಟಿಸಿದವರದೇ ಆಗಿರಲಿ. ತಾನೇ ಕೀಳಬೇಕು ಎಂದು ಗೊತ್ತಿರುವವರು ನೂರು ಸ್ಟಿಕ್ಕರ್ ಅಂಟಿಸುವ ಕಡೆ ಹತ್ತು ಅಂಟಿಸುತ್ತಾರೆ. ಅಷ್ಟಾದರೆ ಒಬ್ಬ ಅಕ್ಕನ ಬೆರಳು ಉಳಿಯುತ್ತದೆ, ಕಿಟಕಿಯಾಚೆಯ ಮರವೂ ಕಾಣುತ್ತದೆ.